ಟನಲ್ ಕೀ ಕೊಡುವುದು ಹೇಗೆ? ಓವರ್‌ಲೇ ನೆಟ್‌ವರ್ಕ್‌ಗೆ ನಂಬರ್ ಹಾಕುವ ಸಮಗ್ರ ಮಾರ್ಗದರ್ಶಿ

ಕೊಯ್ಲು ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನ ಯಾವುದಾದರೂ ಕಾಫಿ ಕ್ಯೂರಿಂಗ್ ವರ್ಕ್ಸ್ ಅಂಗಳಕ್ಕೆ ಹೋಗಿ ನೋಡಿ. ಒಂದೇ ಲಾರಿಯಿಂದ ನಾಲ್ಕು ತೋಟದ ಮೂಟೆ ಇಳಿಯುತ್ತಿರುತ್ತದೆ. ಗೋಣಿಚೀಲ ಎಲ್ಲವೂ ಒಂದೇ ಥರ. ಯಾರ ಮೂಟೆಯನ್ನು ಯಾವ ಕಡೆ ಪೇರಿಸಬೇಕು ಅಂತ ಹಮಾಲರಿಗೆ ಗೊತ್ತಾಗುವುದು ಚೀಲದ ಮೇಲಿನ ಗುರುತಿನಿಂದ. ಇಬ್ಬರು ಒಂದೇ ಗುರುತು ಹಾಕಿಕೊಂಡು ಬಂದರೆ ಲೆಕ್ಕ ಕೆಟ್ಟಿತು ಅಂತಲೇ ತಿಳಿಯಿರಿ.

ಟನಲ್ ಕೀ ಮಾಡುವ ಕೆಲಸವೂ ಇದೇ. ಎರಡು ಊರಿನ ನಡುವೆ ಇರುವುದು ಒಂದೇ ಇಂಟರ್ನೆಟ್ ಲೈನು. ಅದರ ಮೇಲೆ ಲೆಕ್ಕದ ಕಂಪ್ಯೂಟರ್‌ಗಳ ನೆಟ್‌ವರ್ಕ್, ಕ್ಯಾಮೆರಾ ನೆಟ್‌ವರ್ಕ್, ಫೋನಿನ ನೆಟ್‌ವರ್ಕ್ ಎಲ್ಲವೂ ಹೋಗಬೇಕು. ಪ್ರತಿ ಪ್ಯಾಕೆಟ್‌ನ ಹೊರಗೆ ಇನ್ನೊಂದು ಲಕೋಟೆ ಸುತ್ತಿ, ಆ ಲಕೋಟೆಯ ಮೇಲೆ ಒಂದು ನಂಬರ್ ಬರೆಯುತ್ತೇವೆ. ಆ ಕಡೆಯ ಯಂತ್ರ ನಂಬರ್ ನೋಡಿ, ಲಕೋಟೆ ಬಿಚ್ಚಿ, ಸರಿಯಾದ ನೆಟ್‌ವರ್ಕ್‌ಗೆ ತಲುಪಿಸುತ್ತದೆ. ಹೀಗೆ ಇನ್ನೊಂದು ನೆಟ್‌ವರ್ಕ್‌ನ ಮೇಲೆ ಲಕೋಟೆಯಲ್ಲಿ ಹೋಗುವ ನೆಟ್‌ವರ್ಕೇ ಓವರ್‌ಲೇ. ಲಕೋಟೆ ಸುತ್ತುವ ವಿಧಾನ ಹಲವು. ವಿಎಕ್ಸ್‌ಲ್ಯಾನ್ ಮತ್ತು ಜೆನೀವ್ ಅನ್ನುವ ವಿಧಾನಗಳಲ್ಲಿ ಈ ನಂಬರಿಗೆ ವಿಎನ್‌ಐ ಅಂತಾರೆ. ಜಿಆರ್‌ಇ ಅನ್ನುವ ವಿಧಾನದಲ್ಲಿ ಬರೀ ಕೀ ಅಂತಾರೆ. ಇಂಥ ನೆಟ್‌ವರ್ಕ್‌ಗಳನ್ನು ತಾನೇ ಕಟ್ಟಿ ನಿಭಾಯಿಸುವ ಓವಿಎನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹೆಸರೇ ಟನಲ್ ಕೀ.

ನಾನು ಹಾಸನದಲ್ಲಿದ್ದೇನೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಸಣ್ಣ ಆಫೀಸು, ಗೋಡೌನ್‌ಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಕಮಾಂಡ್ ಹೊಡೆಯುವುದು ಎರಡು ನಿಮಿಷದ ಕೆಲಸ. ಆ ಕಮಾಂಡ್‌ನಲ್ಲಿ ಯಾವ ನಂಬರ್ ಹಾಕಬೇಕು ಅನ್ನುವುದನ್ನು ಮಾತ್ರ ಜಾಸ್ತಿ ಜನ ಯೋಚಿಸುವುದೇ ಇಲ್ಲ. ಅದಕ್ಕೇ ಇಲ್ಲಿ ನಂಬರಿನ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ

ಕೀ ಅಂದ ತಕ್ಷಣ ಬೀಗದ ಕೀಲಿಕೈ ನೆನಪಾಗುತ್ತದೆ, ಅಲ್ವಾ? ಟನಲ್ ಕೀ ಹಾಗಲ್ಲ. ಅದು ಗುಟ್ಟಿನ ನಂಬರಲ್ಲ. ಲಕೋಟೆಯ ಮೇಲೆ ಬಟ್ಟಬಯಲಾಗಿ ಬರೆದಿರುತ್ತದೆ, ದಾರಿಯಲ್ಲಿ ಪ್ಯಾಕೆಟ್ ಹಿಡಿದು ನೋಡಿದ ಯಾರು ಬೇಕಾದರೂ ಓದಬಹುದು. ಊಹಿಸಲಾಗದ ದೊಡ್ಡ ನಂಬರ್ ಕೊಟ್ಟರೆ ಸುರಕ್ಷಿತ ಅಂತ ಅಂದುಕೊಂಡವರನ್ನು ನೋಡಿದ್ದೇನೆ. ಚೀಲದ ಮೇಲೆ ಎಷ್ಟು ಉದ್ದದ ಗುರುತು ಬರೆದರೂ ಚೀಲದ ಬಾಯಿ ಹೊಲಿದಂತೆ ಆಗುವುದಿಲ್ಲ. ಬಾಯಿ ಹೊಲಿಯಬೇಕಾದರೆ, ಅಂದರೆ ಬೇರೆಯವರು ಓದದಂತೆ ಮಾಡಬೇಕಾದರೆ, ಕೆಳಗೆ ವೈರ್‌ಗಾರ್ಡ್ ಅಥವಾ ಐಪಿಸೆಕ್‌ನಂಥ ಎನ್‌ಕ್ರಿಪ್ಷನ್ ಬೇಕು. ಮುಂದಿನ ಉದಾಹರಣೆಯಲ್ಲಿ ವೈರ್‌ಗಾರ್ಡ್ ಇದೆ ಅಂತಲೇ ಹಿಡಿದಿದ್ದೇನೆ.

ಒಂದು ಮಳೆಗಾಲದ ಕಥೆ

ಕೆಲವು ವರ್ಷದ ಹಿಂದೆ ಹಾಸನದ ಒಂದು ಆಫೀಸು ಮತ್ತು ಅದರ ಗೋಡೌನ್ ನಡುವೆ ಕ್ಯಾಮೆರಾಗಳಿಗೆ ವಿಎಕ್ಸ್‌ಲ್ಯಾನ್ ಹಾಕಿದ್ದೆ. ನಂಬರ್ 100 ಕೊಟ್ಟಿದ್ದೆ. ಅದೇ ಮಾಲೀಕರ ಚಿಕ್ಕಮಗಳೂರಿನ ಜಾಗದಲ್ಲಿ ಇನ್ನೊಬ್ಬ ಹುಡುಗ ಲೆಕ್ಕದ ಕಂಪ್ಯೂಟರ್‌ಗಳಿಗೆ ವಿಎಕ್ಸ್‌ಲ್ಯಾನ್ ಹಾಕಿದ್ದ. ಅವನು ಕೊಟ್ಟಿದ್ದೂ 100. ನೆನಪಿಡಲು ಸುಲಭ ಅಂತ ಇಬ್ಬರೂ ಒಂದೇ ನಂಬರ್ ಹಿಡಿದಿದ್ದೆವು. ಎರಡೂ ಬೇರೆ ಬೇರೆ ಇರುವವರೆಗೆ ಏನೂ ತೊಂದರೆ ಆಗಲಿಲ್ಲ.

ಜುಲೈಯಲ್ಲಿ ಎರಡು ಊರನ್ನೂ ಸೇರಿಸಿದೆವು. ಯಾವ ಎರರ್ ಕೂಡ ಬರಲಿಲ್ಲ. ಮಾರನೇ ದಿನ ಬೆಳಗ್ಗೆ ಚಿಕ್ಕಮಗಳೂರಿನಿಂದ ಫೋನ್: ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯುತ್ತಿಲ್ಲ, ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆ. ಮಧ್ಯಾಹ್ನದವರೆಗೆ ಕೇಬಲ್ಲು, ಸ್ವಿಚ್ಚು, ಸರ್ವರ್ ಎಲ್ಲ ತಡಕಾಡಿದೆವು. ಕೊನೆಗೆ ಆ ಕಂಪ್ಯೂಟರಿನ ವಿಳಾಸ ಓದಿಸಿದೆ. 192.168.50ರಿಂದ ಶುರುವಾಗುತ್ತಿತ್ತು. ಅದು ಹಾಸನದ ಕ್ಯಾಮೆರಾಗಳ ಸರಣಿ! ಹಾಸನದ ಕ್ಯಾಮೆರಾ ಬಾಕ್ಸು ಘಟ್ಟದ ಊರಿನ ಲೆಕ್ಕದ ಕಂಪ್ಯೂಟರಿಗೆ ವಿಳಾಸ ಹಂಚುತ್ತಿತ್ತು. ನಂಬರ್ ಒಂದೇ ಆಗಿದ್ದರಿಂದ ಎರಡು ನೆಟ್‌ವರ್ಕ್ ಸದ್ದಿಲ್ಲದೆ ಒಂದಾಗಿದ್ದವು. ಯಂತ್ರದ ಕಡೆಯಿಂದ ತಪ್ಪೇನೂ ಇರಲಿಲ್ಲ, ನಾವು ಬರೆದ ಗುರುತನ್ನು ಅದು ನಂಬಿತ್ತು ಅಷ್ಟೇ.

ಹಂತ 1: ನಿಮ್ಮ ಲಕೋಟೆಯಲ್ಲಿ ಎಷ್ಟು ಜಾಗ ಇದೆ ನೋಡಿಕೊಳ್ಳಿ

ಒಂದೇ ಸ್ವಿಚ್ಚನ್ನು ಹಲವು ನೆಟ್‌ವರ್ಕ್ ಆಗಿ ವಿಂಗಡಿಸುವ ಮಾಮೂಲಿ ವಿಲ್ಯಾನ್ ಟ್ಯಾಗ್‌ಗೆ ಇರುವುದು 12 ಬಿಟ್. 0 ಮತ್ತು 4095 ಕೈಬಿಟ್ಟರೆ ಸಿಗುವುದು 4094. ವಿಎಕ್ಸ್‌ಲ್ಯಾನ್ 2014ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ವಿಧಾನಗಳನ್ನು ವಿವರಿಸುವ ದಾಖಲೆ) 7348 ಆಗಿ ಬಂತು, 24 ಬಿಟ್ ಕೊಟ್ಟಿತು. ಅಂದರೆ 1,67,77,216 ನಂಬರ್. ಅತಿ ದೊಡ್ಡದು 1,67,77,215. 2020ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 8926 ಆಗಿ ಬಂದ ಜೆನೀವ್‌ನಲ್ಲೂ 24 ಬಿಟ್ಟೇ. ಆದರೆ ಅದರಲ್ಲಿ ಹೆಚ್ಚುವರಿ ಮಾಹಿತಿ ಅಂಟಿಸಲು ಬೇರೆ ಜಾಗವೂ ಇದೆ. ಓವಿಎನ್ ವಿಷಯಕ್ಕೆ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಜಿಆರ್‌ಇ ಕೀ 32 ಬಿಟ್. 2000ನೇ ಇಸವಿಯ ಆರ್‌ಎಫ್‌ಸಿ 2890ರಲ್ಲಿ ಅದು ಸೇರಿತು, ಹಾಕುವುದು ಬಿಡುವುದು ನಮ್ಮಿಷ್ಟ.

ಜಿಆರ್‌ಇ ಬಳಸುವವರಿಗೆ ಎರಡೇ ಮಾತು. ಒಂದೇ ಜೋಡಿ ವಿಳಾಸಗಳ ನಡುವೆ ಎರಡು ಟನಲ್ ಬೇಕಾದರೆ ಕೀ ಬೇರೆ ಬೇರೆ ಇರಲೇಬೇಕು. ಒಂದು ತುದಿಯಲ್ಲಿ ಕೀ ಹಾಕಿ ಇನ್ನೊಂದು ತುದಿಯಲ್ಲಿ ಬಿಟ್ಟರೆ ಟನಲ್ ಎದ್ದು ನಿಂತಂತೆ ಕಾಣುತ್ತದೆ, ಆದರೆ ಒಂದು ಪ್ಯಾಕೆಟ್ಟೂ ದಾಟುವುದಿಲ್ಲ.

ಹಂತ 2: ನಂಬರಿಗೆ ಒಂದು ಕ್ರಮ ಮಾಡಿ

ಇದೇ ಮುಖ್ಯ ಹಂತ. ಇಲ್ಲಿ ಅರ್ಧ ದಿನ ಕೂತರೂ ನಷ್ಟವಿಲ್ಲ.

ನಾನು ಬಳಸುವುದು ಗಾಡಿ ನಂಬರಿನ ಕ್ರಮ. ಹಾಸನ ಕೆಎ-13, ಚಿಕ್ಕಮಗಳೂರು ಕೆಎ-18, ಸಕಲೇಶಪುರ ಕೆಎ-46. ನಮ್ಮ ಕಡೆ ಇದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಂಬರಿನ ಮೊದಲ ಎರಡು ಅಂಕಿ ಊರು. ನಡುವಿನ ಎರಡು ಅಂಕಿ ಕೆಲಸ: 01 ಲೆಕ್ಕ, 02 ಕ್ಯಾಮೆರಾ, 03 ಫೋನು, 04 ತೂಕದ ಯಂತ್ರ, 90 ಪರೀಕ್ಷೆಗೆ. ಕೊನೆಯ ಎರಡು ಅಂಕಿ ಕ್ರಮಸಂಖ್ಯೆ. ಹಾಗಾಗಿ 130101 ಅಂದರೆ ಹಾಸನದಲ್ಲಿ ಹುಟ್ಟಿದ ಮೊದಲನೇ ಲೆಕ್ಕದ ನೆಟ್‌ವರ್ಕ್. 180201 ಅಂದರೆ ಚಿಕ್ಕಮಗಳೂರಿನ ಮೊದಲನೇ ಕ್ಯಾಮೆರಾ ನೆಟ್‌ವರ್ಕ್.

ಒಂದು ಪ್ರಶ್ನೆ ಏಳುತ್ತದೆ. ನೆಟ್‌ವರ್ಕ್ ಮೂರೂ ಊರಿಗೆ ಹರಡಿದ್ದರೆ ಯಾವ ಊರಿನ ನಂಬರ್? ಹುಟ್ಟಿದ ಊರಿನದು. ಕೆಎ-13 ಗಾಡಿ ದಿನಾ ಚಿಕ್ಕಮಗಳೂರಿನಲ್ಲೇ ಓಡಿದರೂ ಹಾಸನದ ನಂಬರೇ ತಾನೇ? ಎಲ್ಲ ತುದಿಯಲ್ಲೂ ಒಂದೇ ನಂಬರ್ ಇರಬೇಕು. ಊರಿಗೊಂದು ನಂಬರ್ ಕೊಟ್ಟರೆ ಆ ಮೂರು ತುದಿ ಒಂದನ್ನೊಂದು ಗುರುತಿಸುವುದೇ ಇಲ್ಲ.

ಆರು ಅಂಕಿ ಯಾಕೆ ಅಂದರೆ, ಮೊದಲು ನಾನು ಎಂಟು ಅಂಕಿ ಇಟ್ಟುಕೊಂಡಿದ್ದೆ. 13000101 ಹಾಸನದಲ್ಲಿ ಸರಿಯಾಗಿ ಕೂತಿತು. ಚಿಕ್ಕಮಗಳೂರಿಗೆ 18000101 ಕೊಟ್ಟೆ, ಲಿನಕ್ಸ್ ‘ಇನ್‌ವ್ಯಾಲಿಡ್ ಐಡಿ’ ಅಂತ ತಿರಸ್ಕರಿಸಿತು. ಲೆಕ್ಕ ಹಾಕಿದರೆ ಕಾರಣ ಅಲ್ಲೇ ಇದೆ: ಒಂದು ಕೋಟಿ ಎಂಬತ್ತು ಲಕ್ಷ ಅನ್ನುವುದು 24 ಬಿಟ್‌ನ ಮಿತಿ ದಾಟಿದೆ. ಹಾಸನಕ್ಕೆ ಹಿಡಿಸಿದ ಕ್ರಮ ಪಕ್ಕದ ಜಿಲ್ಲೆಗೆ ಹಿಡಿಸಲಿಲ್ಲ. ಲಿನಕ್ಸ್ ಬಾಗಿಲಲ್ಲೇ ತಡೆದದ್ದು ಪುಣ್ಯ. ಓಪನ್ ವಿಸ್ವಿಚ್ ಅನ್ನುವ ಸಾಫ್ಟ್‌ವೇರ್ ಸ್ವಿಚ್ಚಿನ ಫ್ಲೋಗಳಲ್ಲಿ, ಅಂದರೆ ಪ್ಯಾಕೆಟ್ಟನ್ನು ಏನು ಮಾಡಬೇಕು ಅಂತ ಬರೆದ ನಿಯಮಗಳಲ್ಲಿ, ಟನಲ್ ಐಡಿಗೆ 64 ಬಿಟ್ ಜಾಗವಿದೆ, ಆದರೆ ವಿಎಕ್ಸ್‌ಲ್ಯಾನ್ ಲಕೋಟೆ ಸೇರುವುದು ಕೆಳಗಿನ 24 ಬಿಟ್ ಮಾತ್ರ. ಅಲ್ಲಿ 18000101 ಬರೆದರೆ ಹೊರಗೆ ಹೋಗುವ ನಂಬರ್ 1222885. ಆರು ಅಂಕಿಯಲ್ಲಿ ನಿಂತರೆ ಯಾವ ಜಿಲ್ಲೆಯ ಸಂಖ್ಯೆ ಬಂದರೂ ಹತ್ತು ಲಕ್ಷದೊಳಗೇ ಇರುತ್ತದೆ.

ಸಣ್ಣ ನಂಬರುಗಳನ್ನು ಮುಟ್ಟಬೇಡಿ. ಸರ್ವರ್‌ಗಳನ್ನು ನಿಭಾಯಿಸುವ ಕೆಲವು ಸಾಫ್ಟ್‌ವೇರ್‌ಗಳು ಅವನ್ನೇ ಹಿಡಿಯುತ್ತವೆ. ಕುಬರ್ನೆಟೀಸ್ ಜೊತೆ ಬಳಸುವ ಫ್ಲ್ಯಾನೆಲ್ ಲಿನಕ್ಸ್‌ನಲ್ಲಿ ತಾನಾಗಿ ವಿಎನ್‌ಐ 1 ಹಿಡಿಯುತ್ತದೆ. ಡಾಕರ್ ಸ್ವಾರ್ಮ್ 4096ರ ಆಸುಪಾಸಿನಿಂದ ಎಣಿಸುತ್ತಾ ಹೋಗುತ್ತದೆ. ಓಪನ್‌ಸ್ಟ್ಯಾಕ್‌ನ ನ್ಯೂಟ್ರಾನ್‌ನಲ್ಲಿ ವಿಎನ್‌ಐ ರೇಂಜಸ್ ಅನ್ನುವ ಸಾಲಿಗೆ 1ರಿಂದ 1000 ಅಂತ ಹಾಕಿ ಮುಂದೆ ಹೋಗುವವರು ಬಹಳ. ಇವೆಲ್ಲ ನಿಮ್ಮ ಜಾಗದಲ್ಲಿ ಇವತ್ತು ಇಲ್ಲದಿರಬಹುದು, ನಾಳೆ ಬರಬಹುದು. ಕೈಯಲ್ಲಿ ಕೊಡುವ ನಂಬರ್ ಲಕ್ಷದ ಮೇಲೆ ಇರಲಿ.

ಹಂತ 3: ರಿಜಿಸ್ಟರ್ ಇಡಿ

ಮೊದಲು ಬರೆಯಿರಿ, ಆಮೇಲೆ ಕಮಾಂಡ್ ಹೊಡೆಯಿರಿ. ಈ ಕ್ರಮ ತಿರುಗುಮುರುಗು ಆಗಬಾರದು. ಒಂದು ಸಾಲಿನಲ್ಲಿ ನಂಬರ್, ಯಾರ ನೆಟ್‌ವರ್ಕ್, ಯಾವ ಯಾವ ತುದಿ, ಒಳಗಿನ ಐಪಿ ಸರಣಿ, ಕೊಟ್ಟವರು, ದಿನಾಂಕ, ಈಗಿನ ಸ್ಥಿತಿ. ಇಬ್ಬರಿಗಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಎಲ್ಲರೂ ತಿದ್ದಬಹುದಾದ ಒಂದೇ ಹಾಳೆ ಇರಲಿ, ಹಳೆಯ ತಿದ್ದುಪಡಿ ಕಾಣುವಂತಿರಲಿ. ನಾನು ಗಿಟ್‌ನಲ್ಲಿ (ಪ್ರತಿ ತಿದ್ದುಪಡಿಯ ಲೆಕ್ಕ ಇಡುವ ಸಾಫ್ಟ್‌ವೇರ್) ಸಾದಾ ಟೆಕ್ಸ್ಟ್ ಫೈಲ್ ಇಡುತ್ತೇನೆ. ಗೋಡೌನ್ ಗೋಡೆಯ ಮೇಲೆ, ಯಂತ್ರದ ಪಕ್ಕ, ಆ ಜಾಗದ ನಂಬರುಗಳ ಒಂದು ಪ್ರಿಂಟ್ ಕೂಡ ಅಂಟಿಸುತ್ತೇನೆ. ಲೈನ್ ಹೋದಾಗ ಗಿಟ್ ಸಿಗುವುದಿಲ್ಲ.

ಹಂತ 4: ಹಾಕಿ ನೋಡೋಣ

ಉದಾಹರಣೆಗೆ ಮೂರು ಊರಿನ ಲೆಕ್ಕದ ನೆಟ್‌ವರ್ಕ್ ತೆಗೆದುಕೊಳ್ಳೋಣ. ಕೆಳಗೆ ಈಗಾಗಲೇ ವೈರ್‌ಗಾರ್ಡ್ ಇದೆ ಅಂದುಕೊಳ್ಳಿ: ಹಾಸನ 10.20.0.13, ಚಿಕ್ಕಮಗಳೂರು 10.20.0.18, ಸಕಲೇಶಪುರ 10.20.0.46. ಕಮಾಂಡ್‌ಗಳನ್ನು ಇಲ್ಲಿ ಓದುವಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಹಾಸನದ ಯಂತ್ರದಲ್ಲಿ ಮೊದಲು ಇದು:

ಐಪಿ ಲಿಂಕ್ ಆಡ್ ವಿಎಕ್ಸ್130101 ಟೈಪ್ ವಿಎಕ್ಸ್‌ಲ್ಯಾನ್ ಐಡಿ 130101 ಲೋಕಲ್ 10.20.0.13 ಡಿಎಸ್‌ಟಿಪೋರ್ಟ್ 4789

ಸಾಧನದ ಹೆಸರಿನಲ್ಲೇ ನಂಬರ್ ಇಟ್ಟಿರುವುದನ್ನು ಗಮನಿಸಿ. ರಾತ್ರಿ ಹತ್ತು ಗಂಟೆಗೆ ಯಾರೋ ನೋಡುವಾಗ ಇದೇ ಕೈ ಹಿಡಿಯುತ್ತದೆ. ಪೋರ್ಟ್ 4789 ಅಂತ ಹೇಳಲೇಬೇಕು. ಹೇಳದಿದ್ದರೆ ಲಿನಕ್ಸ್ ಕರ್ನಲ್ ತನ್ನ ಹಳೆಯ ರೂಢಿಯ 8472 ಹಿಡಿಯುತ್ತದೆ. ಒಂದು ತುದಿ 4789, ಇನ್ನೊಂದು 8472 ಆದರೆ ಕೀ ಎಷ್ಟೇ ಸರಿ ಇದ್ದರೂ ಮಾತುಕತೆ ನಡೆಯುವುದಿಲ್ಲ.

‘ಫೈಲ್ ಎಕ್ಸಿಸ್ಟ್ಸ್’ ಅಂತ ಬಂದರೆ ಹೆಸರನ್ನೊಮ್ಮೆ ನೋಡಿ. ಆ ಹೆಸರಿನ ಸಾಧನ ಇಲ್ಲದೆಯೂ ಹೀಗೆ ಬಂದರೆ, ಆ ಯಂತ್ರದಲ್ಲಿ ಅದೇ ಪೋರ್ಟ್‌ನಲ್ಲಿ ಅದೇ ವಿಎನ್‌ಐ ಬೇರೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ಒತ್ತಾಯ ಮಾಡಬೇಡಿ, ರಿಜಿಸ್ಟರ್ ತೆಗೆಯಿರಿ.

ಆಮೇಲೆ ಉಳಿದ ಎರಡು ಊರು ಎಲ್ಲಿವೆ ಅಂತ ಹೇಳಬೇಕು:

ಬ್ರಿಡ್ಜ್ ಎಫ್‌ಡಿಬಿ ಅಪೆಂಡ್ 00:00:00:00:00:00 ಡೆವ್ ವಿಎಕ್ಸ್130101 ಡಿಎಸ್‌ಟಿ 10.20.0.18

ಇದನ್ನೇ 10.20.0.46ಕ್ಕೂ ಇನ್ನೊಮ್ಮೆ. ಎಲ್ಲ ಸೊನ್ನೆಯ ವಿಳಾಸ ಅಂದರೆ, ಯಾರಿಗೆ ಅಂತ ಗೊತ್ತಿಲ್ಲದ ಪ್ಯಾಕೆಟ್ಟನ್ನು ಈ ಎರಡೂ ಕಡೆಗೆ ಒಂದೊಂದು ಪ್ರತಿ ಕಳಿಸು ಅಂತ.

ಕೊನೆಗೆ: ಐಪಿ ಲಿಂಕ್ ಸೆಟ್ ವಿಎಕ್ಸ್130101 ಎಂಟಿಯು 1370 ಮಾಸ್ಟರ್ ಬಿಆರ್01 ಅಪ್

ಬಿಆರ್01 ಅನ್ನುವುದು ಆ ಜಾಗದ ಲೆಕ್ಕದ ಕಂಪ್ಯೂಟರ್‌ಗಳನ್ನು ಸೇರಿಸುವ ಬ್ರಿಡ್ಜ್. ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. 1370 ಎಲ್ಲಿಂದ ಬಂತು? ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಐಪಿವಿ4 ಮೇಲೆ ವಿಎಕ್ಸ್‌ಲ್ಯಾನ್ ಲಕೋಟೆಯ ಭಾರ 50 ಬೈಟ್. 1420ರಲ್ಲಿ 50 ಕಳೆದರೆ 1370. ಒಳಗಿನ ಕಂಪ್ಯೂಟರ್‌ಗಳಿಗೂ ಇದೇ ಅಳತೆ ಹೇಳಬೇಕು. ಇದನ್ನು ಮರೆತರೆ ಪಿಂಗ್ ಸರಾಗವಾಗಿ ಹೋಗುತ್ತದೆ, ದೊಡ್ಡ ಬಿಲ್ ಫೈಲ್ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ. ಜನ ಕೀ ತಪ್ಪಿದೆ ಅಂತ ಹುಡುಕುತ್ತಾರೆ. ಪಿಂಗ್ ಹೋಗುತ್ತಿದೆ ಅಂದಮೇಲೆ ಕೀ ಸರಿಯಾಗಿಯೇ ಇದೆ.

ಚಿಕ್ಕಮಗಳೂರು, ಸಕಲೇಶಪುರದಲ್ಲೂ ಇದೇ ಕೆಲಸ. ಲೋಕಲ್ ವಿಳಾಸ ಮತ್ತು ಎದುರಿನ ಎರಡು ವಿಳಾಸ ಬದಲಾಗುತ್ತವೆ. ಐಡಿ ಬದಲಾಗಬಾರದು.

ಹಂತ 5: ಕಣ್ಣಾರೆ ನೋಡಿ

ಐಪಿ ಡ್ಯಾಶ್-ಡಿ ಲಿಂಕ್ ಶೋ ಟೈಪ್ ವಿಎಕ್ಸ್‌ಲ್ಯಾನ್ ಅಂದರೆ ಆ ಯಂತ್ರದ ಎಲ್ಲ ವಿಎನ್‌ಐ ಪಟ್ಟಿ ಬರುತ್ತದೆ. ರಿಜಿಸ್ಟರ್ ಜೊತೆ ಹೋಲಿಸಿ.

ಆಮೇಲೆ ಚಿಕ್ಕಮಗಳೂರಿನಲ್ಲಿ ಕೂತು ವೈರ್‌ಗಾರ್ಡ್ ಸಾಧನದ ಮೇಲೆ, ಹಾದು ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿ, ಯುಡಿಪಿ ಪೋರ್ಟ್ 4789 ಮಾತ್ರ ತೋರಿಸು ಅನ್ನಿ. ಹಾಸನದಿಂದ ಒಂದು ಪಿಂಗ್ ಹೊಡೆಸಿ. ‘ವಿಎನ್‌ಐ 130101’ ಅಂತ ಸಾಲಿನಲ್ಲೇ ಕಾಣಬೇಕು. ಹೆಕ್ಸ್ ರೂಪದಲ್ಲಿ ತೆರೆದರೆ ಇನ್ನೂ ಚೆನ್ನ. ವಿಎಕ್ಸ್‌ಲ್ಯಾನ್ ಹೆಡರ್ ಬರೀ ಎಂಟು ಬೈಟ್: 08 00 00 00 01 ಎಫ್‌ಸಿ 35 00. ಮೊದಲ 08 ಅನ್ನುವುದು ‘ಒಳಗೆ ನಂಬರ್ ಇದೆ’ ಎಂಬ ಗುರುತು. ಅದರ ಮುಂದಿನ ಮೂರು ಬೈಟ್ ಖಾಲಿ. ಆಮೇಲಿನ 01 ಎಫ್‌ಸಿ 35 ನಮ್ಮ ನಂಬರ್: 65536ಕ್ಕೆ 64565 ಸೇರಿಸಿ, 130101 ಬರುತ್ತದೆ. ಕೊನೆಯ ಬೈಟ್ ಮತ್ತೆ ಖಾಲಿ. ನಾವು ಹಾಳೆಯಲ್ಲಿ ಬರೆದ ನಂಬರ್ ಅರವತ್ತು ಕಿಲೋಮೀಟರ್ ಆಚೆ ಮೂರು ಬೈಟ್ ಆಗಿ ಇಳಿಯುವುದನ್ನು ಒಮ್ಮೆಯಾದರೂ ಹೀಗೆ ನೋಡಬೇಕು. ಆಮೇಲೆ ಕೀ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ಯಾಕೆಟ್ ಬರುತ್ತಿದೆ, ಆದರೆ ಒಳಗೆ ತಲುಪುತ್ತಿಲ್ಲ ಅಂದರೆ ಬಂದ ನಂಬರ್ ಮತ್ತು ಇಲ್ಲಿನ ನಂಬರ್ ಹೋಲಿಸಿ. ಹೊಂದದ ನಂಬರಿನ ಪ್ಯಾಕೆಟ್ಟನ್ನು ಕರ್ನಲ್ ಸುಮ್ನೆ ಬೀಳಿಸುತ್ತದೆ. ಕಳಿಸಿದವರಿಗೆ ಯಾವ ದೂರೂ ವಾಪಸ್ ಹೋಗುವುದಿಲ್ಲ. ಪ್ಯಾಕೆಟ್ಟೇ ಬರುತ್ತಿಲ್ಲ ಅಂದರೆ ಕೀ ಬಿಡಿ, ವೈರ್‌ಗಾರ್ಡ್, ಪೋರ್ಟ್, ಫೈರ್‌ವಾಲ್ ಕಡೆ ನೋಡಿ.

ಹಂತ 6: ಓವಿಎನ್ ಇದ್ದರೆ

ಓವಿಎನ್‌ನಲ್ಲಿ ನಂಬರ್ ಹಂಚುವವರು ನಾವಲ್ಲ, ನಾರ್ತ್‌ಡಿ ಅನ್ನುವ ಪ್ರೋಗ್ರಾಂ. ಇಲ್ಲಿ ಎರಡು ಮಟ್ಟದ ಕೀ ಇದೆ. ಪಹಣಿ ನೋಡಿದವರಿಗೆ ಇದು ಸಲೀಸು. ಪ್ರತಿ ಲಾಜಿಕಲ್ (ಸಾಫ್ಟ್‌ವೇರ್‌ನಲ್ಲೇ ಇರುವ) ಸ್ವಿಚ್ ಅಥವಾ ರೂಟರ್‌ಗೆ ಒಂದು ಡೇಟಾಪಾತ್ ಕೀ, ಅದು ಸರ್ವೆ ನಂಬರ್ ಇದ್ದ ಹಾಗೆ. ಅದರೊಳಗಿನ ಪ್ರತಿ ಪೋರ್ಟಿಗೆ ಒಂದು ಪೋರ್ಟ್ ಕೀ, ಅದು ಹಿಸ್ಸಾ ನಂಬರ್. ಹಿಸ್ಸಾ 2 ಎಲ್ಲ ಸರ್ವೆ ನಂಬರಿನಲ್ಲೂ ಇರಬಹುದು, ಗೊಂದಲ ಇಲ್ಲ. ಸರ್ವೆ ನಂಬರ್ ಮಾತ್ರ ಆ ಊರಿನೊಳಗೆ ಎರಡಿರಬಾರದು. ಇಲ್ಲಿ ಊರು ಅಂದರೆ ನಿಮ್ಮ ಇಡೀ ಓವಿಎನ್ ವ್ಯವಸ್ಥೆ.

ಡೇಟಾಪಾತ್ ಕೀ 24 ಬಿಟ್, ಜೆನೀವ್‌ನ ವಿಎನ್‌ಐ ಜಾಗದಲ್ಲಿ ಹೋಗುತ್ತದೆ. ಪ್ಯಾಕೆಟ್ ಹೊರಟ ಪೋರ್ಟಿನ ಕೀ 15 ಬಿಟ್, ಸೇರುವ ಪೋರ್ಟಿನ ಕೀ 16 ಬಿಟ್, ಇವೆರಡೂ ಜೆನೀವ್‌ನ ಹೆಚ್ಚುವರಿ ಜಾಗದಲ್ಲಿ. 16 ಬಿಟ್‌ನ ಮೇಲಿನ ಅರ್ಧ, ಅಂದರೆ 32768ರಿಂದ ಮುಂದಿನದು, ಗುಂಪಿಗೆ ಕಳಿಸುವ ಪ್ಯಾಕೆಟ್‌ಗಳಿಗೆ ಮೀಸಲು. ಇಷ್ಟೆಲ್ಲ ಯಾಕೆ ಹೊತ್ತುಕೊಂಡು ಹೋಗುತ್ತದೆ? ಎಲ್ಲಿಗೆ ಸೇರಬೇಕು ಅನ್ನುವ ತೀರ್ಮಾನ ಹೊರಡುವ ಯಂತ್ರದಲ್ಲೇ ಆಗಿರುತ್ತದೆ. ತಲುಪಿದ ಕಡೆ ಮತ್ತೆ ಹುಡುಕುವ ಕೆಲಸ ಇಲ್ಲ, ಬರೆದ ನಂಬರ್ ನೋಡಿ ಕೊಟ್ಟರಾಯಿತು.

ಇದೇ ಕಾರಣಕ್ಕೆ ಯಂತ್ರಗಳ ನಡುವೆ ಜೆನೀವ್ ಬಿಟ್ಟು ವಿಎಕ್ಸ್‌ಲ್ಯಾನ್ ಆರಿಸಿದರೆ ಜಾಗ ಸಾಲುವುದಿಲ್ಲ. ಇರುವ 24 ಬಿಟ್ಟನ್ನೇ 12 ಮತ್ತು 12 ಅಂತ ಹಂಚಬೇಕಾಗುತ್ತದೆ. ಹೊರಟ ಪೋರ್ಟಿನ ಗುರುತು ಹೋಗುವುದೇ ಇಲ್ಲ. ನಮ್ಮ ಆರು ಅಂಕಿಯ ನಂಬರೂ 12 ಬಿಟ್ಟಿನಲ್ಲಿ ಹಿಡಿಯುವುದಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಜೆನೀವ್ ಇಟ್ಟುಕೊಳ್ಳಿ.

ನಂಬರ್ ನೀವೇ ಕೊಡಲೇಬೇಕು ಅಂದರೆ ದಾರಿ ಇದೆ. ಲಾಜಿಕಲ್ ಸ್ವಿಚ್‌ನ ‘ಅದರ್ ಕಾನ್ಫಿಗ್’ ಕಾಲಂನಲ್ಲಿ ‘ರಿಕ್ವೆಸ್ಟೆಡ್-ಟಿಎನ್‌ಎಲ್-ಕೀ’ ಅಂತ ಹಾಕಿ, ಪಕ್ಕ ನಂಬರ್ ಬರೆಯಿರಿ. ರೂಟರ್ ಮತ್ತು ಪೋರ್ಟಿಗೆ ಅದೇ ಹೆಸರು ‘ಆಪ್ಷನ್ಸ್’ ಕಾಲಂನಲ್ಲಿ. ಆಮೇಲೆ ನಾರ್ತ್‌ಡಿ ತಾನು ಹಂಚಿದ ನಂಬರ್ ಬರೆದಿಡುವ ಸೌತ್‌ಬೌಂಡ್ ಡೇಟಾಬೇಸ್‌ನ ‘ಡೇಟಾಪಾತ್ ಬೈಂಡಿಂಗ್’ ಪಟ್ಟಿ ತೆಗೆದು ‘ಟನಲ್ ಕೀ’ ಕಾಲಂನಲ್ಲಿ ಅದೇ ನಂಬರ್ ಕೂತಿದೆಯಾ ನೋಡಿ. ನನ್ನ ಅನುಭವದಲ್ಲಿ ಇದು ಬೇಕಾಗುವುದು ಎರಡು ಓವಿಎನ್ ವ್ಯವಸ್ಥೆಗಳನ್ನು ಜೋಡಿಸುವಾಗ. ಆಗ ನಡುವಿನ ಸ್ವಿಚ್ಚಿನ ನಂಬರ್ ಎರಡೂ ಕಡೆ ಒಂದೇ ಇರಬೇಕು. ಉಳಿದಂತೆ ನಾರ್ತ್‌ಡಿಗೆ ಬಿಟ್ಟುಬಿಡಿ, ಅದು ಎರಡು ಕಡೆ ಒಂದೇ ನಂಬರ್ ಕೊಡುವುದಿಲ್ಲ.

ಹಂತ 7: ನಂಬರ್ ವಾಪಸ್ ತೆಗೆದುಕೊಳ್ಳುವಾಗ

ನೆಟ್‌ವರ್ಕ್ ಬೇಡವಾದರೆ ಮೊದಲು ಎಲ್ಲ ತುದಿಯಲ್ಲೂ ಸಾಧನ ಅಳಿಸಿ. ರಿಜಿಸ್ಟರ್‌ನಲ್ಲಿ ಸಾಲು ಅಳಿಸಬೇಡಿ, ಸ್ಥಿತಿಯನ್ನು ‘ನಿವೃತ್ತ’ ಅಂತ ಬದಲಾಯಿಸಿ ದಿನಾಂಕ ಹಾಕಿ. ಆ ನಂಬರನ್ನು ಒಂದು ಮಳೆಗಾಲ ಕಳೆಯುವವರೆಗೆ ಯಾರಿಗೂ ಕೊಡಬೇಡಿ.

ಮಳೆಗಾಲ ಅಂತ ಸುಮ್ನೆ ಹೇಳುತ್ತಿಲ್ಲ. ಮಲೆನಾಡಿನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಒಂದೊಂದು ಕಡೆ ದಿನಗಟ್ಟಲೆ ಬರುವುದಿಲ್ಲ. ಸಕಲೇಶಪುರದ ಆಚೆ ಒಂದು ಗೋಡೌನ್‌ನಲ್ಲಿ ಹೀಗೇ ಆಯಿತು. ಬಾಕ್ಸು ಆಫ್ ಆಗಿದ್ದಾಗ ನಾನು 460201ನ್ನು ಉಳಿದ ಎರಡು ಊರಿನಲ್ಲಿ ತೆಗೆದುಹಾಕಿದೆ. ಹನ್ನೊಂದು ದಿನದ ಮೇಲೆ ಕರೆಂಟ್ ಬಂತು. ಬಾಕ್ಸಿಗೆ ಏನು ಗೊತ್ತು? ಹಳೆಯ ಕಾನ್ಫಿಗ್ ಓದಿಕೊಂಡು ಎದ್ದು, ಹಳೆಯ ನಂಬರಿನಲ್ಲೇ ಹಾಸನಕ್ಕೆ ಪ್ಯಾಕೆಟ್ ಕಳಿಸತೊಡಗಿತು. ಟಿಸಿಪಿಡಂಪ್‌ನಲ್ಲಿ ಸೆಕೆಂಡಿಗೊಂದರಂತೆ ಸಾಲು ಓಡುತ್ತಿತ್ತು: ವಿಎನ್‌ಐ 460201, ವಿಎನ್‌ಐ 460201. ಆ ನಂಬರ್ ಆಗ ಯಾರ ಹೆಸರಲ್ಲೂ ಇರಲಿಲ್ಲ, ಹಾಸನದ ಕರ್ನಲ್ ಅವನ್ನೆಲ್ಲ ಬಾಗಿಲಲ್ಲೇ ಬೀಳಿಸಿತು. ಬಾಕ್ಸಿಗೆ ಲಾಗಿನ್ ಆಗಿ ವಿಎಕ್ಸ್460201 ಅಳಿಸಿದೆ. ಸಾಲು ಓಡುವುದು ನಿಂತಿತು. ರಿಜಿಸ್ಟರ್‌ನಲ್ಲಿ ನಿವೃತ್ತಿಯ ದಿನಾಂಕವನ್ನು ಅವತ್ತಿಗೆ ತಿದ್ದಿದೆ.